ತಂಡ ಖಾಲಿಯಾದ ಮೇಲೂ ಗೆಲ್ಲೋದು ಹೇಗೆ? ಬಿಎಫ್‌ಸಿ ಲೆಕ್ಕ, ನಮ್ಮೂರಿನ ಬ್ಯಾರನ್ ಲೆಕ್ಕ

ಹುಣಸೂರಿನಿಂದ ಮಾತಾಡ್ತಾ ಇದೀನಿ. ಹಿಂದೆ ಪಟಪಟ ಅಂತ ಶಬ್ದ ಕೇಳಿಸ್ತಿದ್ರೆ ಅದು ಶೀಟಿನ ಮೇಲೆ ಬೀಳ್ತಿರೋ ಮಳೆ. ಎಡಿಟ್ ಮಾಡಿ ತೆಗೆಯೋಕೆ ನೋಡಿದೆ, ಆಗಲಿಲ್ಲ. ಇರಲಿ ಬಿಡಿ.

ಇವತ್ತಿನ ಎಪಿಸೋಡ್ ಮಾಡೋಕೆ ಕಾರಣ ಒಂದು ವಾಟ್ಸ್‌ಆ್ಯಪ್ ಮೆಸೇಜು. ನಾವು ಒಂದಷ್ಟು ಜನ ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ಆಡ್ತೀವಿ. ಹುಣಸೂರಿನವರು ಆರೇಳು ಜನ, ಪಿರಿಯಾಪಟ್ಟಣದ ಕಡೆಯಿಂದ ಮೂವರು, ಕೆ.ಆರ್. ನಗರದಿಂದ ಇಬ್ಬರು, ಎಚ್.ಡಿ. ಕೋಟೆಯಿಂದ ಬೈಕಲ್ಲಿ ಬರೋ ನಮ್ಮ ಗೋಲ್‌ಕೀಪರ್ ಒಬ್ಬ. ಆ ಕೀಪರ್ ಹೋದ ವಾರ ಗ್ರೂಪ್‌ನಲ್ಲಿ ಹಾಕಿದ: "ಬೆಂಗಳೂರಲ್ಲಿ ಕೆಲಸ ಸಿಕ್ತು ಕಣ್ರೋ, ಸೋಮವಾರ ಜಾಯಿನಿಂಗ್." ಎಲ್ಲರೂ ಕಂಗ್ರಾಟ್ಸ್ ಹಾಕಿದ್ವಿ. ನಾನೂ ಹಾಕಿದೆ. ಆಮೇಲೆ ಕೂತು ಎಣಿಸಿದೆ. ಮೂರು ವರ್ಷದ ಹಿಂದೆ ನಾವು ಶುರು ಮಾಡಿದಾಗ ಇದ್ದ 14 ಜನರಲ್ಲಿ ಈಗ ಉಳಿದಿರೋದು 4 ಜನ. ಡಿಗ್ರಿ ಮುಗೀತು, ಹೋದ್ರು. ಮದುವೆ ಆಯ್ತು, ಹೋದ್ರು. ಒಬ್ಬ ಮಂಡಿ ನೋವು ಅಂದ, ನಿಜಕ್ಕೂ ಮಂಡಿ ನೋವೋ ಅಥವಾ ಮನೆಯಲ್ಲಿ ಬೈದ್ರೋ ಗೊತ್ತಿಲ್ಲ.

ಗ್ರೂಪ್‌ನಲ್ಲಿ ಈಗ ಜಗಳ ನಡೀತಿದೆ. ಅರ್ಧ ಜನ, ಇರೋ ದುಡ್ಡಿಗೆ ಮೈಸೂರಿಂದ ಇಬ್ಬರು ಒಳ್ಳೆ ಆಟಗಾರರನ್ನ ಕರೆಸಿ ಮುಂದಿನ ಟೂರ್ನಮೆಂಟ್ ಆಡಿಬಿಡೋಣ ಅಂತಾರೆ. ಇನ್ನರ್ಧ ಜನ, ಈ ವರ್ಷಕ್ಕೆ ತಂಡ ನಿಲ್ಲಿಸಿಬಿಡೋಣ ಅಂತಾರೆ. ನನಗೆ ಎರಡೂ ಸರಿ ಅನ್ನಿಸ್ತಿಲ್ಲ. ಹಾಗಾಗಿ, ತಂಡದಿಂದ ಜನ ಹೋಗ್ತಾನೇ ಇದ್ರೂ, ಮನಸ್ಸು ಬಂದಷ್ಟು ದುಡ್ಡು ಖರ್ಚು ಮಾಡೋಕೆ ಆಗದೇ ಇದ್ರೂ, ಗೆಲ್ತಾ ಇರೋದು ಹೇಗೆ ಅಂತ ನೋಡೋಕೆ ಹೊರಟೆ. ನಮ್ಮ ರಾಜ್ಯದಲ್ಲೇ ಅದಕ್ಕೊಂದು ಒಳ್ಳೆ ಕೇಸ್ ಇದೆ, ಬೆಂಗಳೂರು ಎಫ್‌ಸಿ.

ಫುಟ್‌ಬಾಲ್ ಫಾಲೋ ಮಾಡದೇ ಇರೋರಿಗೆ ಮೊದಲು ಒಂದು ವಿಷಯ. ಐಎಸ್‌ಎಲ್‌ನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇದೆ. ಒಂದು ಕ್ಲಬ್ ತನ್ನ ಎಲ್ಲ ಆಟಗಾರರಿಗೂ ಸೇರಿಸಿ ಒಂದು ಸೀಸನ್‌ಗೆ ಇಷ್ಟೇ ಕೊಡಬೇಕು ಅಂತ. ಕೆಲವು ಸೀಸನ್‌ಗಳ ಕಾಲ ಈ ಮಿತಿ 16.5 ಕೋಟಿ ರೂಪಾಯಿ ಇತ್ತು. ಮಾಲೀಕರು ಎಷ್ಟೇ ದೊಡ್ಡ ಶ್ರೀಮಂತರಾಗಿದ್ರೂ ಅಷ್ಟೇ. ಬಿಎಫ್‌ಸಿ ಮಾಲೀಕರು ಜೆಎಸ್‌ಡಬ್ಲ್ಯೂ ಗ್ರೂಪ್, ಅವರ ಹತ್ರ ದುಡ್ಡಿಗೆ ಬರವಾ? ಆದ್ರೂ ಲೆಕ್ಕ ಲೆಕ್ಕಾನೇ.

ಇದು ನಮ್ಮ ನಾಲ್ಕು ತಾಲ್ಲೂಕಿನ ಹುಡುಗರಿಗೆ ಅರ್ಥ ಆಗದೇ ಇರೋ ವಿಷಯ ಅಲ್ಲ. ನಮ್ಮಲ್ಲಿ ಅರ್ಧ ಜನ ಹೊಗೆಸೊಪ್ಪಿನ ಮನೆಯವರು. ತಂಬಾಕು ಮಂಡಳಿ ಪ್ರತಿ ವರ್ಷ ಕರ್ನಾಟಕಕ್ಕೆ ಇಷ್ಟು ಬೆಳೆ ಅಂತ ನಿಗದಿ ಮಾಡುತ್ತೆ, ಅದನ್ನ ಬ್ಯಾರನ್ ಲೆಕ್ಕದಲ್ಲಿ ಹಂಚುತ್ತೆ. ಒಂದು ಬ್ಯಾರನ್‌ಗೆ ಇಷ್ಟು ಕೆಜಿ. ಹತ್ತು ಎಕರೆ ಇದ್ರೂ ಅಷ್ಟೇ, ಎರಡು ಎಕರೆ ಇದ್ರೂ ಅಷ್ಟೇ. ಮೀರಿ ಬೆಳೆದ್ರೆ ದಂಡ. ಹೊಗೆಸೊಪ್ಪು ಒಳ್ಳೇದಾ ಕೆಟ್ಟದ್ದಾ ಅನ್ನೋದು ಬೇರೆ ಎಪಿಸೋಡ್, ಕಾಮೆಂಟ್‌ನಲ್ಲಿ ಬೈಬೇಡಿ. ನಾನು ಹೇಳೋಕೆ ಹೊರಟಿರೋದು ಇಷ್ಟೇ: ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೆ ಹೋಗಿ ನೋಡಿ, ಕೋಟಾ ಒಂದೇ ಇದ್ದರೂ ಇಬ್ಬರು ರೈತರಿಗೆ ಸಿಗೋ ದುಡ್ಡು ಒಂದೇ ಇರಲ್ಲ. ಒಬ್ಬನ ಬೇಲ್ ಬ್ರೈಟ್ ಗ್ರೇಡ್‌ಗೆ ಹೋಗುತ್ತೆ, ಇನ್ನೊಬ್ಬಂದು ಲೋ ಗ್ರೇಡ್. ಮಂಡಳಿ ಕೆಜಿಗೆ ಮಿತಿ ಹಾಕಿದೆ, ಬಣ್ಣಕ್ಕೆ ಹಾಕಿಲ್ಲ.

ಬಣ್ಣ ಎಲ್ಲಿಂದ ಬರುತ್ತೆ? ನಮ್ಮ ಮನೆಯಲ್ಲಿ ಸೊಪ್ಪು ಮುರಿಯೋಕೆ, ಕಡ್ಡಿಗೆ ಕಟ್ಟೋಕೆ ಪ್ರತಿ ವರ್ಷ ಬೇರೆ ಬೇರೆ ಜನ ಬರ್ತಾರೆ. ಹೋದ ವರ್ಷ ಬಂದವರು ಈ ವರ್ಷ ಸಿಗಲ್ಲ. ಆದ್ರೆ ಬ್ಯಾರನ್‌ಗೆ ಬೆಂಕಿ ಹಾಕೋದು ಮಾತ್ರ 20 ವರ್ಷದಿಂದ ನಮ್ಮ ಚಿಕ್ಕಪ್ಪ ಒಬ್ಬರೇ. ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಥರ್ಮಾಮೀಟರ್ ನೋಡ್ತಾರೆ, ಸೊಪ್ಪಿಗೆ ಹಳದಿ ಬಂತಾ ಅಂತ ಕಿಂಡಿಯಿಂದ ಇಣುಕ್ತಾರೆ. ಆ ಚಿಕ್ಕಪ್ಪ ಒಂದು ವರ್ಷ ಆಸ್ಪತ್ರೆ ಸೇರಿದ್ರು. ಅಪ್ಪ ದುಡ್ಡು ಕೊಟ್ಟು ಬೇರೆಯವರನ್ನ ಕರೆಸಿದ್ರು. ಆ ವರ್ಷದ ನಮ್ಮ ಸೊಪ್ಪಿನ ಬಣ್ಣ ನೆನಪಿಸಿಕೊಂಡ್ರೆ ಅಪ್ಪ ಇವತ್ತಿಗೂ ಮಾತಾಡಲ್ಲ.

ಈಗ ಬಿಎಫ್‌ಸಿಗೆ ಬರೋಣ. ಕ್ಲಬ್ ಹುಟ್ಟಿದ್ದು 2013ರಲ್ಲಿ. ಕೋಚ್ ಆ್ಯಶ್ಲಿ ವೆಸ್ಟ್‌ವುಡ್. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದುಬಿಟ್ರು, 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನ 4-2ರಿಂದ ಸೋಲಿಸಿ. ಎರಡನೇ ಸೀಸನ್‌ನಲ್ಲಿ ಪ್ರಶಸ್ತಿ ಕೈಗೆ ಬಂದು ಬಾಯಿಗೆ ಬರಲಿಲ್ಲ. ಕೊನೇ ದಿನ ಕಂಠೀರವದಲ್ಲಿ, ಆಟ ಮುಗಿಯೋಕೆ ಕೆಲವೇ ನಿಮಿಷ ಇದ್ದಾಗ ಮೋಹನ್ ಬಗಾನ್ ಸಮ ಮಾಡಿಕೊಂಡು ಕಪ್ ಎತ್ತಿಕೊಂಡು ಹೋಯ್ತು. 2016ರಲ್ಲಿ ಮತ್ತೆ ಐ-ಲೀಗ್ ಚಾಂಪಿಯನ್. ಅದೇ ವರ್ಷ ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದ್ರು, ತಂಡ ಎಎಫ್‌ಸಿ ಕಪ್ ಫೈನಲ್ ತಲುಪ್ತು. ಅಲ್ಲಿಗೆ ಹೋದ ಮೊದಲ ಭಾರತೀಯ ಕ್ಲಬ್ ಅದು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 1-0 ಸೋತ್ರು.

ಇಲ್ಲಿವರೆಗೆ ಎಲ್ಲರಿಗೂ ಗೊತ್ತಿರೋ ಕಥೆ. ನನಗೆ ಇಷ್ಟ ಆಗೋದು ಇದರ ಮುಂದಿನ ಬೇಸಿಗೆ.

2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್. ಮೋಹನ್ ಬಗಾನ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ ಸಿ.ಕೆ. ವಿನೀತ್ ಎರಡು ಗೋಲ್ ಹೊಡೆದು ಕಪ್ ಗೆಲ್ಲಿಸಿದ್ರು. ಕೆಲವೇ ವಾರಗಳ ನಂತರ? ಬಿಎಫ್‌ಸಿ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ ಸೇರಿತು. ಅಲ್ಲಿನ ನಿಯಮ ಏನಪ್ಪಾ ಅಂದ್ರೆ, ಹಳೇ ಭಾರತೀಯ ಆಟಗಾರರಲ್ಲಿ ಕೆಲವೇ ಕೆಲವರನ್ನ ಉಳಿಸಿಕೊಳ್ಳಬಹುದು, ಉಳಿದವರೆಲ್ಲ ಡ್ರಾಫ್ಟ್‌ಗೆ. ಎಲ್ಲ ಕ್ಲಬ್‌ಗಳೂ ಸರದಿ ಪ್ರಕಾರ ಆರಿಸಿಕೊಳ್ತಾರೆ. ಬಿಎಫ್‌ಸಿ ಮೊದಲೇ ಉಳಿಸಿಕೊಂಡದ್ದು ನಾಲ್ವರನ್ನ: ಸುನಿಲ್ ಛೆಟ್ರಿ, ಉದಾಂತ ಸಿಂಗ್, ಜೊತೆಗೆ ಚಿಕ್ಕ ಹುಡುಗರಾದ ನಿಶು ಕುಮಾರ್ ಮತ್ತು ಮಲ್ಸಾಮ್‌ಝುವಾಲ. ವಿನೀತ್ ಕೇರಳ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿ ಹಾಕಿಕೊಂಡ್ರು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಮುಂಬೈಗೆ. ಯೂಜಿನ್ಸನ್ ಲಿಂಗ್ಡೊ ಕೊಲ್ಕತ್ತಾಗೆ. ನಾನಾಗ ಬಿ.ಕಾಂ. ಓದ್ತಿದ್ದೆ, ಫೋನಲ್ಲಿ ಲಿಸ್ಟ್ ನೋಡಿ "ಮುಗೀತು ಗುರು ಈ ಟೀಮು" ಅಂತ ಹಾಸ್ಟೆಲ್‌ನಲ್ಲಿ ಘೋಷಣೆ ಮಾಡಿಬಿಟ್ಟಿದ್ದೆ.

ಆ ಸೀಸನ್‌ನಲ್ಲಿ ಬಿಎಫ್‌ಸಿ 18 ಪಂದ್ಯಗಳಲ್ಲಿ 40 ಪಾಯಿಂಟ್ ತಗೊಂಡು ಮೊದಲ ಸ್ಥಾನ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಪಾಯಿಂಟ್ ಗ್ಯಾಪ್! ನನ್ನ ಘೋಷಣೆ ಕೇಳಿಸಿಕೊಂಡಿದ್ದ ರೂಮ್‌ಮೇಟ್ ಇವತ್ತಿಗೂ ಬಿಡಲ್ಲ.

ಇದು ಹೇಗಾಯ್ತು ಅಂತ ಈ ವಾರ ಮತ್ತೆ ಕೂತು ನೋಡಿದೆ. ನಾನು ಆಗ ನೋಡಿದ್ದು ಹೋದವರ ಪಟ್ಟಿ. ಇದ್ದವರ ಪಟ್ಟಿ ನೋಡಿರಲಿಲ್ಲ. ಕೋಚ್ ರೋಕಾ ಅಲ್ಲೇ ಇದ್ರು. ಅವರ ಅಸಿಸ್ಟೆಂಟ್ ಕಾರ್ಲೆಸ್ ಕ್ವಾಡ್ರಾಟ್ ಇದ್ರು. ಹಿಂದಿನ ಸಾಲಿನಲ್ಲಿ 2013ರಿಂದಲೂ ಆಡ್ತಿದ್ದ ಇಂಗ್ಲೆಂಡಿನ ಜಾನ್ ಜಾನ್ಸನ್, 2016ರಲ್ಲಿ ಬಂದಿದ್ದ ಸ್ಪೇನಿನ ಹುವಾನನ್ ಇದ್ರು. ಮುಂದೆ ಛೆಟ್ರಿ. ಅಂದ್ರೆ ತಂಡದ ನಡು ಬೆನ್ನೆಲುಬು ಹಾಗೇ ಇತ್ತು, ಕೈಕಾಲು ಮಾತ್ರ ಹೊಸದು. ಆಮೇಲೆ, ಇವರು ಹೇಗೆ ಆಡ್ತಾರೆ ಅನ್ನೋದು ಮೊದಲೇ ಇವರಿಗೆ ಗೊತ್ತಿತ್ತು. ಹಾಗಾಗಿ ಡ್ರಾಫ್ಟ್‌ನಲ್ಲಿ ಹೆಸರು ನೋಡಿ ಅಲ್ಲ, ಖಾಲಿ ಇರೋ ಜಾಗ ನೋಡಿ ಆರಿಸಿದ್ರು ಅಂತ ನನ್ನ ಅನಿಸಿಕೆ. ರಾಹುಲ್ ಭೇಕೆ, ಹರ್ಮನ್‌ಜೋತ್ ಖಾಬ್ರಾ, ಸುಭಾಶಿಷ್ ಬೋಸ್ ಹೀಗೆ ಬಂದವರು. ಹೊರಗಿಂದ ಮಿಕು, ಡಿಮಾಸ್ ಡೆಲ್ಗಾಡೊ, ಎರಿಕ್ ಪಾರ್ಟಾಲು ಬಂದ್ರು. ನಾರ್ವೆಯ ಸ್ಟಾಬೆಕ್ ಕ್ಲಬ್‌ನಿಂದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಬಂದ್ರು.

ಫೈನಲ್ ಸೋತ್ರು, ಅದು ಬೇರೆ ಮಾತು. 2018ರ ಮಾರ್ಚ್ 17, ಕಂಠೀರವ, ಚೆನ್ನೈಯಿನ್ 3, ಬೆಂಗಳೂರು 2. ರೋಕಾ ಹೋದ್ರು. ಇಲ್ಲಿ ಕ್ಲಬ್ ಹೊಸ ದೊಡ್ಡ ಹೆಸರು ಹುಡುಕಲಿಲ್ಲ, ಅದೇ ಅಸಿಸ್ಟೆಂಟ್ ಕ್ವಾಡ್ರಾಟ್ ಅವರನ್ನ ಕೋಚ್ ಮಾಡಿದ್ರು. ಸರಿಯಾಗಿ ಒಂದು ವರ್ಷ, 2019ರ ಮಾರ್ಚ್ 17, ಮುಂಬೈ. ಎದುರಾಳಿ ಎಫ್‌ಸಿ ಗೋವಾ. 117ನೇ ನಿಮಿಷ, ಡಿಮಾಸ್ ಕಾರ್ನರ್ ಹೊಡೆದ್ರು, ಡ್ರಾಫ್ಟ್‌ನಲ್ಲಿ ಬಂದ ಭೇಕೆ ತಲೆ ಕೊಟ್ರು. 1-0. ಐಎಸ್‌ಎಲ್ ಕಪ್.

ಬಿ.ಕಾಂ. ಓದಿದವರಿಗೆ ಫಿಫೋ ನೆನಪಿರಬೇಕು, ಫಸ್ಟ್ ಇನ್ ಫಸ್ಟ್ ಔಟ್. ಮೊದಲು ಬಂದ ಸ್ಟಾಕು ಮೊದಲು ಹೊರಗೆ. ಸಂಬಳದ ಮಿತಿ ಇರೋ ಲೀಗ್‌ಗಳಲ್ಲಿ ತಂಡಗಳು ಫಿಫೋ ಥರಾನೇ ಓಡ್ತವೆ. ಹುಡುಗ ಚೆನ್ನಾಗಿ ಆಡಿದ, ಕಾಂಟ್ರಾಕ್ಟ್ ಮುಗೀತು, ಈಗ ಅವನ ಬೆಲೆ ಜಾಸ್ತಿ, ನಿನ್ನ ಮಿತಿಯೊಳಗೆ ಹಿಡಿಸಲ್ಲ, ಹೋಗ್ತಾನೆ. ಗೆದ್ದ ತಂಡಕ್ಕೆ ಇದರ ಪೆಟ್ಟು ಹೆಚ್ಚು, ಯಾಕಂದ್ರೆ ಗೆದ್ದ ಮೇಲೆ ಎಲ್ಲರ ಬೆಲೆಯೂ ಒಟ್ಟಿಗೇ ಏರುತ್ತೆ. ಫಿಫಾ ನಡೆಸೋ ಆಟದಲ್ಲಿ ಫಿಫೋ. ಸರಿ, ಜೋಕ್ ಚೆನ್ನಾಗಿಲ್ಲ, ಮುಂದೆ ಹೋಗೋಣ.

ಅಮೆರಿಕದಲ್ಲಿ ಕೈಯಲ್ಲಿ ಹಿಡಿದು ಓಡೋ ಫುಟ್‌ಬಾಲ್ ಇದೆಯಲ್ಲ, ಎನ್‌ಎಫ್‌ಎಲ್, ಅಲ್ಲಿ ಸಂಬಳದ ಮಿತಿ 1994ರಿಂದಲೂ ಇದೆ. ಯಾರೂ ವರ್ಷಾನುಗಟ್ಟಲೆ ಮೆರೆಯಬಾರದು ಅಂತಾನೇ ಮಾಡಿರೋ ವ್ಯವಸ್ಥೆ. ಆದ್ರೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 2001ರಿಂದ 2018ರ ಸೀಸನ್‌ಗಳ ನಡುವೆ ಆರು ಸಲ ಸೂಪರ್ ಬೌಲ್ ಗೆದ್ದಿತು. ಆರೂ ಸಲ ಇದ್ದವರು ಕೋಚ್ ಬಿಲ್ ಬೆಲಿಚಿಕ್, ಆಟಗಾರ ಟಾಮ್ ಬ್ರೇಡಿ. ಸುತ್ತ ಇದ್ದವರು ಬರ್ತಿದ್ರು, ಹೋಗ್ತಿದ್ರು. ಅಲ್ಲೂ ಒಬ್ಬ ಚಿಕ್ಕಪ್ಪ ಇದ್ದರು ಅನ್ನಿ.

ಈಗ, ಇಷ್ಟು ಹೊಗಳಿದ ಮೇಲೆ ಬೈಲೇಬೇಕು. ಬಿಎಫ್‌ಸಿ ಸತತವಾಗಿ ಗೆದ್ದಿಲ್ಲ. ಫ್ಯಾನ್ಸ್ ಬೇಜಾರಾಗಬೇಡಿ, ನಾನೂ ಫ್ಯಾನೇ. 2021ರ ಜನವರಿಯಲ್ಲಿ, ಸೀಸನ್ ಮಧ್ಯದಲ್ಲೇ, ಸೋಲುಗಳ ನಂತರ ಕ್ವಾಡ್ರಾಟ್ ಹೊರಟ್ರು. ಆ ಸಲ 7ನೇ ಸ್ಥಾನ. ಮುಂದೆ ಜರ್ಮನಿಯಿಂದ ಮಾರ್ಕೊ ಪೆಟ್ಸಾಯ್ಯೊಲಿ, ಒಂದೇ ಸೀಸನ್, 6ನೇ ಸ್ಥಾನ. ಆಮೇಲೆ ಇಂಗ್ಲೆಂಡಿನ ಸೈಮನ್ ಗ್ರೇಸನ್. ಪ್ರತಿ ಕೋಚ್‌ಗೂ ಒಂದೊಂದು ಆಟ, ಪ್ರತಿ ಆಟಕ್ಕೂ ಬೇರೆ ಬೇರೆ ಆಟಗಾರರು ಬೇಕು. ಸಂಬಳಕ್ಕೆ ಮಿತಿ ಇಲ್ಲದಿದ್ರೆ ಈ ತಪ್ಪನ್ನ ದುಡ್ಡು ಹಾಕಿ ಮುಚ್ಚಬಹುದು. ಮಿತಿ ಇದ್ದಾಗ, ಹಳೇ ಕೋಚ್ ತಂದ ಆಟಗಾರರ ಕಾಂಟ್ರಾಕ್ಟ್ ಮುಗಿಯೋವರೆಗೂ ಹೊಸ ಕೋಚ್ ಕೈ ಕಟ್ಟಿ ಕೂರಬೇಕು. ಬೆಂಕಿ ಹಾಕೋರನ್ನ ವರ್ಷ ವರ್ಷ ಬದಲಾಯಿಸಿದ್ರೆ ಸೊಪ್ಪು ಬಣ್ಣ ಹೇಗೆ ಬರುತ್ತೆ?

ಗ್ರೇಸನ್ ಕಾಲದಲ್ಲಿ ಒಂದು ಒಳ್ಳೇದೂ ಆಯ್ತು. 2022ರ ಸೆಪ್ಟೆಂಬರ್‌ನಲ್ಲಿ ಕೊಲ್ಕತ್ತಾದಲ್ಲಿ ಡುರಾಂಡ್ ಕಪ್ ಫೈನಲ್. ಮುಂಬೈ ಸಿಟಿ ಎದುರು 2-1 ಗೆಲುವು, ಮೊದಲ ಗೋಲ್ ಹೊಡೆದದ್ದು ಶಿವಶಕ್ತಿ ನಾರಾಯಣನ್. ಈ ಹುಡುಗ ಬಿಎಫ್‌ಸಿಯ ಮೀಸಲು ತಂಡದಿಂದ ಮೇಲೆ ಬಂದವನು. ಅದೇ ವರ್ಷ ಕಿರಿಯರಿಗಾಗಿ ಶುರುವಾದ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಸೀಸನ್ ಗೆದ್ದದ್ದೂ ಬಿಎಫ್‌ಸಿ ಹುಡುಗರೇ. ಕ್ಲಬ್‌ಗೆ ಬಳ್ಳಾರಿಯ ವಿಜಯನಗರದಲ್ಲಿ ವಸತಿ ಅಕಾಡೆಮಿ ಇದೆ. ಇಲ್ಲಿ ಕಾಮರ್ಸ್ ತಲೆ ಓಡಿಸಿ. ಮಿತಿ ಇರೋದು ಆಟಗಾರರ ಸಂಬಳಕ್ಕೆ. ಅಕಾಡೆಮಿಯ ಊಟಕ್ಕೆ, ಹುಲ್ಲಿಗೆ, ಮಕ್ಕಳ ಕೋಚ್‌ಗೆ ಮಿತಿ ಇಲ್ಲ. ಅಲ್ಲಿ ಬೆಳೆದ ಹುಡುಗ ಮೊದಲ ತಂಡಕ್ಕೆ ಬಂದಾಗ ಹೊರಗಿಂದ ಕೊಂಡು ತಂದವನಷ್ಟು ಸಂಬಳ ಕೇಳಲ್ಲ. ಬಜೆಟ್‌ನಲ್ಲಿ ಆ ಜಾಗ ಉಳೀತು, ಆ ದುಡ್ಡಲ್ಲಿ ಒಬ್ಬ ಒಳ್ಳೆ ವಿದೇಶಿ ಆಟಗಾರ. ಅವನಿಗೆ ಮೂರು ವರ್ಷದಲ್ಲಿ ಬೆಲೆ ಏರುತ್ತೆ, ಹೋಗ್ತಾನೆ. ಅಷ್ಟರಲ್ಲಿ ಇನ್ನೊಬ್ಬ ರೆಡಿ ಇರಬೇಕು. ಇಲ್ಲದಿದ್ರೆ ಮುಗೀತು.

ಹಾಗೆ ಮುಗಿದ ವರ್ಷಾನೂ ಇದೆ. 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್ ಆಡಿ ಪೆನಾಲ್ಟಿಯಲ್ಲಿ ಸೋತ ತಂಡ, ಆ ಬೇಸಿಗೆಯಲ್ಲಿ ಕರಗಿಹೋಯ್ತು. ಸಂದೇಶ್ ಝಿಂಗನ್ ಗೋವಾಗೆ, ರಾಯ್ ಕೃಷ್ಣ ಒಡಿಶಾಗೆ, 2014ರಿಂದ ಇದ್ದ ಉದಾಂತ ಕೂಡ ಗೋವಾಗೆ. ಡಿಸೆಂಬರ್‌ನಲ್ಲಿ ಗ್ರೇಸನ್ ಅವರನ್ನೂ ಕಳಿಸಿದ್ರು. ಆ ಸೀಸನ್ ಮುಗಿದಾಗ 12 ತಂಡಗಳಲ್ಲಿ 10ನೇ ಸ್ಥಾನ. ನಾನು ಆ ಸಲ ಒಂದು ಪಂದ್ಯಕ್ಕೆ ಅಂತ ಹುಣಸೂರಿಂದ ಬಸ್, ಮೈಸೂರಿಂದ ಟ್ರೈನ್ ಹಿಡಿದು ಕಂಠೀರವಕ್ಕೆ ಹೋಗಿದ್ದೆ. ವೆಸ್ಟ್ ಬ್ಲಾಕ್‌ನವರು ತಂಡ ಸೋಲ್ತಾ ಇದ್ರೂ ಹಾಡ್ತಾನೇ ಇದ್ರು. ವಾಪಸ್ ಬರುವಾಗ ಮೈಸೂರು ಬಸ್‌ಸ್ಟ್ಯಾಂಡ್‌ನಲ್ಲಿ ಬೆಳಗಿನ ಜಾವ ಮೊದಲ ಬಸ್ಸಿಗೆ ಕಾಯ್ತಾ ಕೂತಿದ್ದಾಗ, ಯಾಕಾದ್ರೂ ಬಂದ್ನಪ್ಪಾ ಅನ್ನಿಸಿತ್ತು.

ಮುಂದಿನ ಸೀಸನ್ ನೋಡಿ. 2024-25. ಕೋಚ್ ಜೆರಾರ್ಡ್ ಸರಗೋಸಾ, ಹಿಂದಿನ ವರ್ಷ ಮಧ್ಯದಲ್ಲಿ ಬಂದವರು. ಕೆಟ್ಟ ಸೀಸನ್ ಆದ್ರೂ ಅವರನ್ನ ತೆಗೆಯಲಿಲ್ಲ, ಇದು ಗಮನಿಸಿ. ಮುಂಬೈಗೆ ಹೋಗಿದ್ದ ಭೇಕೆ ವಾಪಸ್ ಮನೆಗೆ. ಅದೇ ಮುಂಬೈಯಿಂದ ಜಾರ್ಜ್ ಪೆರೇರಾ ಡಯಾಸ್, ಆಲ್ಬರ್ಟೊ ನೊಗುವೇರಾ. ಮೊದಲ ಪಂದ್ಯ ಈಸ್ಟ್ ಬೆಂಗಾಲ್ ಎದುರು, 1-0 ಗೆಲುವು, ಗೋಲ್ ಹೊಡೆದದ್ದು ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್, ಆಗ 19 ವರ್ಷ. ಲೀಗ್‌ನಲ್ಲಿ 3ನೇ ಸ್ಥಾನ. ನಾಕೌಟ್‌ನಲ್ಲಿ ಮುಂಬೈಗೆ 5-0. ಸೆಮಿಫೈನಲ್‌ನಲ್ಲಿ ಗೋವಾ. ಇಂಜುರಿ ಟೈಮ್‌ನಲ್ಲಿ ಛೆಟ್ರಿ ಹೆಡರ್, ಫೈನಲ್‌ಗೆ ಟಿಕೆಟ್. ಫೈನಲ್‌ನಲ್ಲಿ ಕೊಲ್ಕತ್ತಾದಲ್ಲಿ ಮೋಹನ್ ಬಗಾನ್ ಎದುರು ಮೊದಲು ಮುನ್ನಡೆ ಪಡೆದು, ಕೊನೆಗೆ ಎಕ್ಸ್‌ಟ್ರಾ ಟೈಮ್‌ನಲ್ಲಿ 2-1 ಸೋಲು. ಗೋಲ್‌ಪೋಸ್ಟ್‌ನಲ್ಲಿ ಅದೇ ಗುರ್‌ಪ್ರೀತ್, ಎಂಟು ವರ್ಷ ಆಗಿತ್ತು. ಹತ್ತನೇ ಸ್ಥಾನದಿಂದ ಫೈನಲ್‌ಗೆ ಒಂದೇ ವರ್ಷ. ಹಾಗಾಗಿ "ಯಶಸ್ಸು ಉಳಿಸಿಕೊಳ್ಳೋದು" ಅಂದ್ರೆ ಬೀಳದೇ ಇರೋದು ಅಂತ ನಾನು ಅರ್ಥ ಮಾಡಿಕೊಳ್ಳಲ್ಲ. ಮಿತಿ ಇರೋ ಲೀಗ್‌ನಲ್ಲಿ ಎಲ್ಲರೂ ಬೀಳ್ತಾರೆ. ಎಷ್ಟು ಬೇಗ ಎದ್ದು ಕೂರ್ತಾರೆ ಅನ್ನೋದೇ ಲೆಕ್ಕ.

ಆದ್ರೆ ಒಂದು ಭಯ ಹೇಳಿಬಿಡ್ತೀನಿ. ಆ ಸೀಸನ್‌ನಲ್ಲಿ ಛೆಟ್ರಿ ಹೊಡೆದದ್ದು 14 ಗೋಲ್, ಭಾರತೀಯರಲ್ಲಿ ಎಲ್ಲರಿಗಿಂತ ಹೆಚ್ಚು. ವಯಸ್ಸು 40. ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಅಕೌಂಟ್ಸ್ ಓದಿದವನ ಕಣ್ಣಿಗೆ ಅದು ಬೇರೆ ಥರ ಕಾಣುತ್ತೆ. ಮಷೀನಿಗೆ ಪ್ರತಿ ವರ್ಷ ಸವಕಳಿ ಬರೀತೀವಲ್ಲ, ಯಾಕೆ? ಒಂದು ದಿನ ಹೊಸದು ಕೊಳ್ಳಬೇಕು ಅಂತ ನೆನಪಿರಲಿ ಅಂತ. ಛೆಟ್ರಿ ವಿಷಯದಲ್ಲಿ ಕ್ಲಬ್ಬೂ, ದೇಶವೂ ಸವಕಳಿ ಬರೆಯೋದನ್ನೇ ಮರೆತವು. 2024ರ ಜೂನ್‌ನಲ್ಲಿ ದೇಶದ ತಂಡದಿಂದ ನಿವೃತ್ತಿ ಆದವರನ್ನ 2025ರ ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಂಡ್ರು ಅಂದ್ರೆ ಯೋಚನೆ ಮಾಡಿ. ಬೆನ್ನೆಲುಬು ಬೇಕು, ಸರಿ. ಒಂದೇ ಮೂಳೆ ಮೇಲೆ ನಿಂತ್ರೆ?

ಹಳೇ ಕಾಲದಲ್ಲಿ ಬೆಂಗಳೂರು ಫುಟ್‌ಬಾಲ್‌ಗೆ ಈ ತಲೆನೋವೇ ಇರಲಿಲ್ಲ. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ ಅಂತ ಕಾರ್ಖಾನೆ, ಕಚೇರಿಗಳ ತಂಡಗಳು. ಆಟಗಾರನಿಗೆ ಅಲ್ಲೇ ಖಾಯಂ ನೌಕರಿ. ಯಾಕೆ ಬಿಟ್ಟು ಹೋಗ್ತಾನೆ? ಆ ಕಾಲ ಈಗ ವಾಪಸ್ ಬರಲ್ಲ.

ನಮ್ಮ ಕಡೆ ಫುಟ್‌ಬಾಲ್ ಅಂದ್ರೆ ಬೈಲಕುಪ್ಪೆ, ಗುರುಪುರ ನೆನಪಾಗಲೇಬೇಕು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 60ರ ದಶಕದಿಂದ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 70ರ ದಶಕದಿಂದ ಟಿಬೆಟನ್ನರು ಇದ್ದಾರೆ. ನಾವು ಟೆನಿಸ್ ಬಾಲ್ ಕ್ರಿಕೆಟ್ ಆಡ್ತಾ ಇದ್ದಾಗ ಅವರು ಫುಟ್‌ಬಾಲ್ ಆಡ್ತಿದ್ರು. ದೇಶದ ಬೇರೆ ಬೇರೆ ಕಡೆ ಇರೋ ಟಿಬೆಟನ್ ಶಿಬಿರಗಳ ತಂಡಗಳು ಸೇರಿ ಆಡೋ ಗ್ಯಾಲ್ಯುಮ್ ಚೆನ್ಮೊ ಗೋಲ್ಡ್ ಕಪ್ ಅಂತ ಒಂದಿದೆ, ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ, 1981ರಲ್ಲಿ ಶುರುವಾದದ್ದು. ಅವರಲ್ಲಿ ಹುಡುಗರು ವಿದೇಶಕ್ಕೆ ಹೋಗೋದು ನಮ್ಮವರು ಬೆಂಗಳೂರಿಗೆ ಹೋಗೋದಕ್ಕಿಂತ ಜಾಸ್ತಿ. ನಮ್ಮ ತಂಡದ ಮೊದಲ ಫ್ರೆಂಡ್ಲಿ ಅಲ್ಲಿನ ಹುಡುಗರ ಜೊತೆ. 6-0 ಸೋತ್ವಿ. ಆಟ ನೋಡೋಕೆ ಬಂದಿದ್ದ ಒಬ್ಬ ಅಜ್ಜ, ಎರಡೂ ಕಡೆಯವರಿಗೆ ಟೀ ಕೊಡಿಸಿದವರು, ಅಚ್ಚ ಮೈಸೂರು ಕನ್ನಡದಲ್ಲಿ ಕೇಳಿದ್ರು: "ನಿಮ್ ಚಿಕ್ ಹುಡುಗ್ರು ಎಲ್ಲಪ್ಪಾ?" ಅವರ ತಂಡ ಆಡ್ತಿದ್ದಾಗ ಸೈಡಲ್ಲಿ ಹದಿಮೂರು ಹದಿನಾಲ್ಕು ವರ್ಷದ ಒಂದು ಡಜನ್ ಹುಡುಗರು ಬೇರೆ ಬಾಲ್ ಇಟ್ಟುಕೊಂಡು ಆಡ್ತಾ ಇದ್ರು. ನಮ್ಮ ಸೈಡಲ್ಲಿ ಬ್ಯಾಗುಗಳಿದ್ದವು. ಆ ಪ್ರಶ್ನೆಗೆ ಅವತ್ತು ನಕ್ಕು ಸುಮ್ಮನಾಗಿದ್ವಿ.

ಕೊನೆಗೆ ಒಂದು ಸುದ್ದಿ ನೆನಪಿಸ್ತೀನಿ. 2025ರ ಆಗಸ್ಟ್. ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಅನ್ನೋದೇ ಗೊತ್ತಿರಲಿಲ್ಲ, ಲೀಗ್ ನಡೆಸೋ ಒಪ್ಪಂದ ಮುಂದುವರಿದಿರಲಿಲ್ಲ. ಆಗ ಬಿಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನ ಅನಿರ್ದಿಷ್ಟವಾಗಿ ನಿಲ್ಲಿಸ್ತೀವಿ ಅಂತ ಪ್ರಕಟಣೆ ಕೊಡ್ತು. ಅದನ್ನ ಓದಿ ನನಗೆ ಸಿಟ್ಟು ಬಂತು, ಆಟಗಾರರಿಗೂ ಮನೆ ಇದೆ, ಇಎಂಐ ಇದೆ. ಆದ್ರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು. ಕಿರಿಯರ ತಂಡಗಳು, ಮಕ್ಕಳ ಸಾಕರ್ ಶಾಲೆಗಳಿಗೆ ಇದರಿಂದ ತೊಂದರೆ ಇಲ್ಲ, ಅವು ನಡೀತವೆ ಅಂತ. ಎಲ್ಲಾ ನಿಂತರೂ ಯಾವುದು ನಿಲ್ಲಬಾರದು ಅಂತ ಅವರಿಗೆ ಗೊತ್ತಿತ್ತು. ಸಿಟ್ಟು ಹೋಗಲಿಲ್ಲ, ಆದ್ರೆ ಆ ಸಾಲನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೆ. ಈ ವಾರ ಅದನ್ನೇ ನಮ್ಮ ಗ್ರೂಪ್‌ಗೆ ಹಾಕಿದೆ.

ಅದರ ಕೆಳಗೆ ನಮ್ಮ ಲೆಕ್ಕಾನೂ ಹಾಕಿದೆ. ನಮ್ಮ ಹತ್ರ ಇರೋದು 11,400 ರೂಪಾಯಿ. ಮೈಸೂರಿನ ಇಬ್ಬರನ್ನ ಕರೆಸಿದ್ರೆ ಬಸ್ ಚಾರ್ಜು, ಊಟ, ಅವರ ಫೀಸು ಸೇರಿ ಒಂದೇ ಟೂರ್ನಮೆಂಟ್‌ಗೆ ಇದು ಖಾಲಿ. ಅದರ ಬದಲು ಆರು ಬಾಲ್, ಎರಡು ಜೊತೆ ಕೀಪರ್ ಗ್ಲೌಸ್, ಕೋನ್‌ಗಳು. ಹೈಸ್ಕೂಲ್ ಹುಡುಗರನ್ನ ಕರೆಯೋದು. ಕೆ.ಆರ್. ನಗರದವನು ಒಬ್ಬ, "ಈ ಸಲ ಹತ್ತು ಗೋಲಲ್ಲಿ ಸೋಲ್ತೀವಿ" ಅಂತ ರಿಪ್ಲೈ ಮಾಡಿದ. ಸೋಲಬಹುದು. ಅವನು ಇನ್ನೂ ಒಪ್ಪಿಲ್ಲ. ಟೂರ್ನಮೆಂಟ್ ಎಂಟ್ರಿ ಫೀಸು ಕಟ್ಟೋಕೆ ಇನ್ನು ಹತ್ತು ದಿನ ಇದೆ, ನೋಡೋಣ.

ನಮ್ಮ ಕೀಪರ್ ನಿನ್ನೆ ಸಂಜೆ ಎಚ್.ಡಿ. ಕೋಟೆಯಿಂದ ಬಂದಿದ್ದ, ಬೆಂಗಳೂರಿಗೆ ಹೊರಡೋಕೆ ಮುಂಚೆ. ಹಳೇ ಗ್ಲೌಸ್ ಕೊಟ್ಟು ಹೋದ, ಬಲಗೈ ಹೆಬ್ಬೆರಳ ಹತ್ರ ಹರಿದಿದೆ. ನಮ್ಮ ಬೀದಿಯಲ್ಲಿ ಒಂಬತ್ತನೇ ಕ್ಲಾಸಿನ ಉದ್ದನೆ ಹುಡುಗ ಒಬ್ಬ ಇದಾನೆ, ಕ್ರಿಕೆಟ್‌ನಲ್ಲಿ ಸ್ಲಿಪ್‌ನಲ್ಲಿ ನಿಲ್ತಾನೆ, ಕ್ಯಾಚ್ ಬಿಡಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಬಾ ಅಂದಿದೀನಿ. ಬರ್ತೀನಣ್ಣ ಅಂದ, ಆದ್ರೆ ಅವರ ಮನೆಯಲ್ಲಿ ಸೊಪ್ಪು ಮುರಿಯೋ ಕೆಲಸ ಶುರುವಾಗಿದೆ, ಅವರಮ್ಮನನ್ನ ಕೇಳಬೇಕು. ನಾಳೆ ನಾನೇ ಹೋಗಿ ಕೇಳ್ತೀನಿ.